ವೈದ್ಯಕೀಯ ಪ್ರವೇಶದಿಂದ ಹಿಂದೆ ಸರಿದು ಮುಂದೆ ಮತ್ತೆ ಅರ್ಜಿ ಹಾಕುವುದು ಹೇಗೆ: ಉತ್ತರ ಕನ್ನಡದ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಎಂಬಿಬಿಎಸ್ ಪ್ರವೇಶಕ್ಕೆ ಅರ್ಜಿ ಹಾಕಿ, ನಡುವೆಯೇ ಹಿಂದೆ ಸರಿಯಬೇಕಾದ ಸಂದರ್ಭ ನಮ್ಮ ಜಿಲ್ಲೆಯ ಮನೆಗಳಿಗೆ ಹೊಸದಲ್ಲ. ಅಡಿಕೆ ತೋಟವನ್ನೋ ಮೀನುಗಾರಿಕೆಯನ್ನೋ ನೆಚ್ಚಿಕೊಂಡ ಮನೆಗೆ ಖಾಸಗಿ ಕಾಲೇಜಿನ ಶುಲ್ಕ ಭರಿಸಲಾಗದೆ ಇರಬಹುದು. ತಂದೆಯ ಆರೋಗ್ಯ ಕೆಟ್ಟಿರಬಹುದು. ಸಿಕ್ಕಿದ್ದು ದಂತವೈದ್ಯಕೀಯವೋ ಆಯುರ್ವೇದವೋ ಆಗಿದ್ದು, ಮನಸ್ಸು ಎಂಬಿಬಿಎಸ್‌ನಲ್ಲೇ ಉಳಿದಿರಬಹುದು. ಅಥವಾ ಇನ್ನೊಂದು ವರ್ಷ ಓದಿದರೆ ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲೇ ಸೀಟು ಸಿಗಬಹುದೆಂಬ ಲೆಕ್ಕಾಚಾರವಿರಬಹುದು. ಕಾರಣ ಯಾವುದೇ ಇರಲಿ, ಹಿಂದೆ ಸರಿಯುವುದು ಅಪರಾಧವಲ್ಲ, ಅವಮಾನವೂ ಅಲ್ಲ. ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್ ಬರೆಯಲು ಇಷ್ಟೇ ಸಲ ಎಂಬ ಮಿತಿಯಿಲ್ಲ, ಗರಿಷ್ಠ ವಯೋಮಿತಿಯೂ ಇಲ್ಲ. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿದ್ದರೆ ಸಾಕು.

ಆದರೆ ಹಿಂದೆ ಸರಿಯುವುದಕ್ಕೂ ಸುಮ್ಮನಾಗುವುದಕ್ಕೂ ದೊಡ್ಡ ವ್ಯತ್ಯಾಸವಿದೆ, ಮತ್ತು ಈ ಬರಹದ ಮುಖ್ಯ ಮಾತು ಅದೇ. ನೀವು ಎಷ್ಟು ಕಳೆದುಕೊಳ್ಳುತ್ತೀರಿ ಎಂಬುದನ್ನು ನಿರ್ಧರಿಸುವುದು ನಿಮ್ಮ ಕಾರಣವಲ್ಲ, ನೀವು ಯಾವ ಹಂತದಲ್ಲಿ ಹೊರಬಂದಿರಿ ಎಂಬುದು. ಸರಿಯಾದ ಹಂತದಲ್ಲಿ, ದಾಖಲೆ ಇಟ್ಟುಕೊಂಡು ಹೊರಬಂದವರಿಗೆ ಮುಂದಿನ ವರ್ಷದ ಬಾಗಿಲು ಪೂರ್ತಿ ತೆರೆದಿರುತ್ತದೆ. ಫೋನ್ ಆಫ್ ಮಾಡಿಕೊಂಡು ಕಾಲೇಜಿಗೆ ಹೋಗದೆ ಉಳಿದವರು ಠೇವಣಿ, ಶುಲ್ಕ, ಮೂಲ ದಾಖಲೆ, ಕೆಲವೊಮ್ಮೆ ಮುಂದಿನ ವರ್ಷದ ಪರೀಕ್ಷೆಯನ್ನೂ ಕಳೆದುಕೊಳ್ಳುತ್ತಾರೆ.

ಮೊದಲ ಹೆಜ್ಜೆ: ನೀವು ಎಲ್ಲಿದ್ದೀರಿ ಎಂದು ಗುರುತಿಸಿಕೊಳ್ಳಿ

ಎಂಬಿಬಿಎಸ್ ಪ್ರವೇಶ ಎರಡು ದಾರಿಗಳಲ್ಲಿ ನಡೆಯುತ್ತದೆ. ಸರ್ಕಾರಿ ಕಾಲೇಜುಗಳ ಶೇ. 15ರಷ್ಟು ಅಖಿಲ ಭಾರತ ಕೋಟಾ ಸೀಟುಗಳನ್ನೂ, ಮಣಿಪಾಲದ ಕೆಎಂಸಿ, ಬೆಳಗಾವಿಯ ಜೆಎನ್‌ಎಂಸಿಯಂತಹ ಡೀಮ್ಡ್ (ಸ್ವಂತ ವಿಶ್ವವಿದ್ಯಾಲಯದ ಸ್ಥಾನಮಾನ ಪಡೆದ) ವಿಶ್ವವಿದ್ಯಾಲಯಗಳ ಸೀಟುಗಳನ್ನೂ ದೆಹಲಿಯ ಮೆಡಿಕಲ್ ಕೌನ್ಸೆಲಿಂಗ್ ಕಮಿಟಿ, ಅಂದರೆ ಎಂಸಿಸಿ ಹಂಚುತ್ತದೆ. ರಾಜ್ಯದ ಸರ್ಕಾರಿ ಕಾಲೇಜುಗಳ ಉಳಿದ ಸೀಟುಗಳನ್ನೂ ಖಾಸಗಿ ಕಾಲೇಜುಗಳ ಸೀಟುಗಳನ್ನೂ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ ಹಂಚುತ್ತದೆ. ಎರಡೂ ಕಡೆ ನೋಂದಾಯಿಸಿದವರು ಎರಡೂ ಕಡೆಯಿಂದ ಬೇರೆ ಬೇರೆಯಾಗಿ ಹೊರಬರಬೇಕು. ಒಂದು ಕಡೆ ಬಿಟ್ಟರೆ ಇನ್ನೊಂದು ಕಡೆ ತಾನಾಗಿ ಬಿಟ್ಟಂತಾಗುವುದಿಲ್ಲ. ಜೊತೆಗೆ, ಸೀಟು ಪಡೆದು ಸೇರಿದವರ ಪಟ್ಟಿಯನ್ನು ಈ ಎರಡೂ ಸಂಸ್ಥೆಗಳು ಪರಸ್ಪರ ಹಂಚಿಕೊಳ್ಳುವುದರಿಂದ, ಒಂದು ಕಡೆ ಹಿಡಿದುಕೊಂಡ ಸೀಟು ಇನ್ನೊಂದು ಕಡೆಯ ಮುಂದಿನ ಸುತ್ತಿಗೆ ಅಡ್ಡಿಯಾಗುತ್ತದೆ.

ಒಂದು ಹಾಳೆ ತೆಗೆದುಕೊಂಡು ಇಷ್ಟನ್ನು ಬರೆದಿಟ್ಟುಕೊಳ್ಳಿ: ಎಲ್ಲಿ ನೋಂದಾಯಿಸಿದ್ದೇನೆ, ಯಾವ ಸುತ್ತಿನಲ್ಲಿ ಸೀಟು ಬಂತು, ಎಷ್ಟು ಹಣ ಕಟ್ಟಿದ್ದೇನೆ, ಯಾರ ಖಾತೆಯಿಂದ ಕಟ್ಟಿದ್ದೇನೆ, ಮೂಲ ದಾಖಲೆಗಳು ಈಗ ಯಾರ ಹತ್ತಿರ ಇವೆ. ಕೊನೆಯ ಎರಡು ಪ್ರಶ್ನೆಗಳಿಗೆ ಹೆಚ್ಚಿನವರ ಬಳಿ ಸ್ಪಷ್ಟ ಉತ್ತರ ಇರುವುದಿಲ್ಲ. ಸೈಬರ್ ಸೆಂಟರಿನವರ ಕಾರ್ಡಿನಿಂದಲೋ ಪರಿಚಯದವರ ಖಾತೆಯಿಂದಲೋ ಹಣ ಕಟ್ಟಿದ್ದರೆ, ಮರುಪಾವತಿ ಸಾಮಾನ್ಯವಾಗಿ ಹಣ ಬಂದ ಖಾತೆಗೇ ಹೋಗುತ್ತದೆ. ಅವರನ್ನು ಈಗಲೇ ಕಂಡು ಮಾತಾಡಿಟ್ಟುಕೊಳ್ಳುವುದು ಒಳ್ಳೆಯದು.

ಎರಡನೆಯ ಹೆಜ್ಜೆ: ಹಂತಕ್ಕೆ ತಕ್ಕಂತೆ ಹೊರಬನ್ನಿ

ನೀಟ್‌ಗೆ ಅರ್ಜಿ ಹಾಕಿ ಪರೀಕ್ಷೆ ಬರೆಯದಿದ್ದರೆ ಯಾವ ದಂಡವೂ ಇಲ್ಲ; ಅರ್ಜಿ ಶುಲ್ಕ ಮಾತ್ರ ಮರಳಿ ಬರುವುದಿಲ್ಲ. ಪರೀಕ್ಷೆ ಬರೆದು, ಫಲಿತಾಂಶ ನೋಡಿ, ಕೌನ್ಸೆಲಿಂಗ್‌ಗೆ ನೋಂದಾಯಿಸದೇ ಇದ್ದರೂ ಅಷ್ಟೇ. ಕೌನ್ಸೆಲಿಂಗ್‌ಗೆ ನೋಂದಾಯಿಸಿ, ಕಾಲೇಜುಗಳ ಆಯ್ಕೆಯನ್ನು ದಾಖಲಿಸುವ ಮುನ್ನವೇ ಮನಸ್ಸು ಬದಲಾದರೆ ಆಯ್ಕೆ ದಾಖಲಿಸಲೇಬೇಡಿ. ಆಯ್ಕೆಯನ್ನೇ ಕೊಡದವರಿಗೆ ಸೀಟು ಹಂಚಿಕೆಯಾಗುವುದಿಲ್ಲ. ಇಲ್ಲಿಯವರೆಗೆ ಹೊರಬರುವುದು ಸುಲಭ.

ಕಷ್ಟ ಶುರುವಾಗುವುದು ಆಯ್ಕೆ ದಾಖಲಿಸಿದ ಮೇಲೆ. ಕೆಇಎಯಲ್ಲಿ ಖಾಸಗಿ ಕಾಲೇಜಿನ ಸೀಟುಗಳಿಗೆ ಸರ್ಕಾರಿ ಕೋಟಾದ ಜಿ, ಖಾಸಗಿ ಕೋಟಾದ ಪಿ, ಅನಿವಾಸಿ ಭಾರತೀಯರ ಎನ್, ಇತರರ ಕ್ಯೂ ಎಂಬ ವರ್ಗಗಳಿವೆ, ಮತ್ತು ಒಂದೇ ಕಾಲೇಜಿನಲ್ಲಿ ಜಿ ಸೀಟಿಗೂ ಪಿ ಸೀಟಿಗೂ ಶುಲ್ಕದಲ್ಲಿ ಹಲವು ಪಟ್ಟು ಅಂತರವಿರುತ್ತದೆ. ಕೊನೆಯ ರಾತ್ರಿ ಅವಸರದಲ್ಲಿ ಪಟ್ಟಿ ಉದ್ದವಾಗಲೆಂದು ಪಿ ಸೀಟುಗಳನ್ನೂ ತುಂಬಿಬಿಟ್ಟು, ಆಮೇಲೆ ಅದೇ ಸೀಟು ಬಂದಾಗ ಏನು ಮಾಡಬೇಕೆಂದು ತೋಚದೆ ಕೂರುವ ಕುಟುಂಬಗಳ ಸಂಕಟ ತಪ್ಪಿಸಬಹುದಾದ ಸಂಕಟ. ಮೊದಲ ವರ್ಷದ ಶುಲ್ಕವನ್ನಷ್ಟೇ ಅಲ್ಲ, ನಾಲ್ಕೂವರೆ ವರ್ಷದ ಒಟ್ಟು ಮೊತ್ತವನ್ನು ಮನೆಯವರ ಜೊತೆ ಕುಳಿತು ಕೂಡಿಸಿ ನೋಡಿ. ಕಟ್ಟಲಾಗದ ಸೀಟನ್ನು ಪಟ್ಟಿಯಿಂದ ತೆಗೆದುಹಾಕಿ. ಅಣಕು ಹಂಚಿಕೆಯ (ನಿಜವಾದ ಹಂಚಿಕೆಗೆ ಮುನ್ನ ನಡೆಯುವ ಪ್ರಾಯೋಗಿಕ ಹಂಚಿಕೆಯ) ಫಲಿತಾಂಶ ಬಂದ ನಂತರ ಆಯ್ಕೆಗಳನ್ನು ತಿದ್ದಲು ಕೊಡುವ ಅವಧಿ ಇರುವುದೇ ಇದಕ್ಕಾಗಿ.

ಕೆಇಎಯ ಮೊದಲ ಸುತ್ತಿನಲ್ಲಿ ಸೀಟು ಬಂದವರ ಮುಂದೆ ಸಾಮಾನ್ಯವಾಗಿ ನಾಲ್ಕು ಚಾಯ್ಸ್‌ಗಳಿರುತ್ತವೆ. ಒಂದನೆಯದು ಸೀಟನ್ನು ಒಪ್ಪಿ, ಶುಲ್ಕ ಕಟ್ಟಿ, ಪ್ರವೇಶ ಪತ್ರ ಪಡೆದು ಕಾಲೇಜಿಗೆ ಸೇರುವುದು. ಎರಡನೆಯದು ಸೀಟನ್ನು ಕೈಯಲ್ಲಿಟ್ಟುಕೊಂಡು ಇನ್ನೂ ಉತ್ತಮ ಸೀಟಿಗಾಗಿ ಮುಂದಿನ ಸುತ್ತಿಗೆ ಹೋಗುವುದು. ಮುಂದಿನ ಸುತ್ತಿನಲ್ಲಿ ಮೇಲಿನ ಆಯ್ಕೆ ಸಿಕ್ಕರೆ ಹಳೆಯದು ತಾನಾಗಿ ಹೋಗುತ್ತದೆ. ಮೂರನೆಯದು ಬಂದ ಸೀಟನ್ನು ಬಿಟ್ಟು ಮುಂದಿನ ಸುತ್ತಿಗೆ ಕಾಯುವುದು. ನಾಲ್ಕನೆಯದು ಪ್ರಕ್ರಿಯೆಯಿಂದಲೇ ಹೊರಬರುವುದು. ಈ ವರ್ಷ ಬೇಡವೆಂದು ನಿಶ್ಚಯಿಸಿದವರು ನಾಲ್ಕನೆಯದನ್ನೇ ಆರಿಸಬೇಕು. ಮೂರನೆಯದನ್ನು ಆರಿಸಿ "ನೋಡೋಣ" ಎಂದು ಕುಳಿತವರಿಗೆ ಎರಡನೆಯ ಸುತ್ತಿನಲ್ಲಿ ಮತ್ತೊಂದು ಸೀಟು ಬರಬಹುದು, ಮತ್ತು ಆ ಸುತ್ತಿನ ನಿಯಮಗಳು ಮೊದಲಿನಷ್ಟು ಮೃದುವಾಗಿರುವುದಿಲ್ಲ. ಆದರೆ ನಾಲ್ಕನೆಯದನ್ನು ಒತ್ತುವ ಮೊದಲು ಒಂದು ವಿಷಯ ಗಮನಿಸಿ: ಶಿರಸಿಯ ಅರಣ್ಯ ಕಾಲೇಜಿನ ಬಿಎಸ್ಸಿ ಅರಣ್ಯಶಾಸ್ತ್ರ, ಪಶುವೈದ್ಯಕೀಯ, ಕೃಷಿ ಮುಂತಾದ ಕೋರ್ಸುಗಳಿಗೂ ಕೆಇಎ ಮೂಲಕವೇ ಪ್ರಯತ್ನಿಸುತ್ತಿದ್ದರೆ, ಈ ಆಯ್ಕೆ ಆ ಕೋರ್ಸುಗಳ ಹಂಚಿಕೆಗೆ ಏನು ಮಾಡುತ್ತದೆ ಎಂದು ಆ ವರ್ಷದ ಸೂಚನೆಯಲ್ಲಿ ಓದಿಕೊಂಡೇ ಮುಂದುವರಿಯಿರಿ.

ಎಂಸಿಸಿಯ ಕ್ರಮ ಹೆಚ್ಚು ಕಟ್ಟುನಿಟ್ಟಾಗಿದೆ, ಹಾಗೆಯೇ ಹೆಚ್ಚು ಸ್ಪಷ್ಟವಾಗಿಯೂ ಇದೆ. ಇತ್ತೀಚಿನ ವರ್ಷಗಳಲ್ಲಿ ಅಲ್ಲಿ ಮೂರು ಸುತ್ತುಗಳು ಮತ್ತು ಕೊನೆಯಲ್ಲಿ ಉಳಿದ ಖಾಲಿ ಸೀಟುಗಳಿಗಾಗಿ ಸ್ಟ್ರೇ ವೇಕೆನ್ಸಿ ಸುತ್ತು ನಡೆಯುತ್ತಿವೆ. ಮೊದಲ ಸುತ್ತಿನಲ್ಲಿ ಸೀಟು ಬಂದು ಸೇರದಿದ್ದರೆ ನೋಂದಣಿಯ ವೇಳೆ ಕಟ್ಟಿದ ಠೇವಣಿಗೆ ಧಕ್ಕೆಯಿಲ್ಲ. ಎರಡನೆಯ ಸುತ್ತಿನಲ್ಲಿ ಬಂದ ಸೀಟಿಗೆ ಸೇರದಿದ್ದರೆ, ಅಥವಾ ಸೇರಿ ನಿಗದಿತ ದಿನದೊಳಗೆ ರಾಜೀನಾಮೆ ಕೊಟ್ಟರೆ, ಠೇವಣಿ ಮುಟ್ಟುಗೋಲಾಗುತ್ತದೆ. ಅಖಿಲ ಭಾರತ ಕೋಟಾಕ್ಕೆ ಈ ಠೇವಣಿ ಸಾಮಾನ್ಯ ವರ್ಗದವರಿಗೆ 10,000 ರೂಪಾಯಿ, ಪರಿಶಿಷ್ಟರು, ಒಬಿಸಿ ಹಾಗೂ ಅಂಗವಿಕಲರಿಗೆ 5,000 ರೂಪಾಯಿ ಇದ್ದರೆ, ಡೀಮ್ಡ್ ವಿಶ್ವವಿದ್ಯಾಲಯಗಳಿಗೆ 2 ಲಕ್ಷ ರೂಪಾಯಿ ಇದೆ. ಮಣಿಪಾಲದ ಆಸೆಯಿಂದ ಡೀಮ್ಡ್ ವಿಭಾಗಕ್ಕೆ ನೋಂದಾಯಿಸುವವರು ಈ ವ್ಯತ್ಯಾಸವನ್ನು ಮರೆಯಬಾರದು. ಮೂರನೆಯ ಸುತ್ತಿನಲ್ಲಿ ಸೇರಿದವರು ರಾಜೀನಾಮೆ ಕೊಡುವಂತಿಲ್ಲ. ಸ್ಟ್ರೇ ಸುತ್ತಿನಲ್ಲಿ ಸೀಟು ಬಂದು ಸೇರದಿದ್ದರೆ ಠೇವಣಿಯೂ ಹೋಗುತ್ತದೆ, ಒಂದು ವರ್ಷ ನೀಟ್ ಬರೆಯದಂತೆ ನಿರ್ಬಂಧವೂ ಬೀಳುತ್ತದೆ.

ಮುಂದಿನ ವರ್ಷ ಮತ್ತೆ ಪ್ರಯತ್ನಿಸಬೇಕೆಂದು ಹಿಂದೆ ಸರಿಯುವವರಿಗೆ ಈ ಕೊನೆಯ ನಿಯಮಕ್ಕಿಂತ ದೊಡ್ಡ ಅಪಾಯ ಬೇರೆ ಇಲ್ಲ. ಯಾವ ವರ್ಷಕ್ಕಾಗಿ ಈ ವರ್ಷವನ್ನು ಬಿಟ್ಟುಕೊಡುತ್ತಿದ್ದೀರೋ ಆ ವರ್ಷವೇ ಕೈತಪ್ಪುತ್ತದೆ. ಆದ್ದರಿಂದ ಖಂಡಿತ ಸೇರುತ್ತೇನೆ ಎನ್ನುವವರ ಹೊರತು ಬೇರೆ ಯಾರೂ ಕೊನೆಯ ಸುತ್ತುಗಳಿಗೆ ಕಾಲಿಡಬಾರದು, ಅದು ಎಂಸಿಸಿಯಾಗಲಿ ಕೆಇಎಯಾಗಲಿ. "ಬಂದರೆ ನೋಡೋಣ, ಬರದಿದ್ದರೆ ಮುಂದಿನ ವರ್ಷ ಬರೆಯೋಣ" ಎಂಬ ಮಾತು ಮೊದಲ ಸುತ್ತಿಗೆ ಸರಿ, ಕೊನೆಯ ಸುತ್ತಿಗೆ ಅಲ್ಲ. ಕೆಇಎ ಪ್ರತಿ ಸುತ್ತಿಗೂ ಹೊರಡಿಸುವ ಸೂಚನೆಯಲ್ಲಿ ಮುಂಗಡ ಠೇವಣಿ, ಸೀಟು ರದ್ದತಿಗೆ ಕೊನೆಯ ದಿನ, ದಂಡದ ಷರತ್ತು ಇವು ಮೂರೂ ಇರುತ್ತವೆ. ಹೋದ ವರ್ಷ ಅಣ್ಣನಿಗೋ ಅಕ್ಕನಿಗೋ ಹೀಗಾಗಿತ್ತು ಎಂಬ ಮಾತನ್ನು ನಂಬಿಕೊಂಡು ಕೂರದೆ ಆ ವರ್ಷದ ಸೂಚನೆಯನ್ನೇ ಮುದ್ರಿಸಿ ಓದಿ.

ನಮ್ಮ ಜಿಲ್ಲೆಯವರು ಇನ್ನೊಂದನ್ನೂ ಗಮನಿಸಬೇಕು. ಈ ಸುತ್ತುಗಳೆಲ್ಲ ಬಹುಪಾಲು ಜುಲೈನಿಂದ ಅಕ್ಟೋಬರ್‌ವರೆಗೆ, ಅಂದರೆ ಮಳೆ ಜೋರಾಗಿರುವಾಗ ನಡೆಯುತ್ತವೆ. ಸಿದ್ದಾಪುರ, ಯಲ್ಲಾಪುರ, ಜೋಯಿಡಾದ ಒಳಹಳ್ಳಿಗಳಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವುದು ಅಪರೂಪವಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಿನಗಟ್ಟಲೆ ಸಂಚಾರವೇ ನಿಂತಿತ್ತು. ಚಾಯ್ಸ್ ದಾಖಲಿಸಲು ಸಂಜೆಯ ಗಡುವಿದ್ದರೆ ಹಿಂದಿನ ದಿನವೇ ಮುಗಿಸಿ. ಮೂಲ ದಾಖಲೆಗಳಿಗಾಗಿ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕೆಇಎ ಕಚೇರಿಗೆ ಹೋಗಬೇಕಾದರೆ ಕಾರವಾರದಿಂದಲಾಗಲಿ ಶಿರಸಿಯಿಂದಲಾಗಲಿ ಒಂದಿಡೀ ರಾತ್ರಿಯ ಪ್ರಯಾಣವಿದೆ. ಮಳೆಗಾಲದಲ್ಲಿ ಗಡುವಿಗಿಂತ ಒಂದು ದಿನ ಮುಂಚೆ ತಲುಪುವಂತೆ ಹೊರಡಿ.

ಮೂರನೆಯ ಹೆಜ್ಜೆ: ಕಾಲೇಜಿಗೆ ಸೇರಿಬಿಟ್ಟಿದ್ದರೆ ಲಿಖಿತವಾಗಿಯೇ ಬಿಡಿ

ಸೇರಿದ ಮೇಲೆ ಬಿಡುವವರದ್ದು ಬೇರೆಯೇ ಲೆಕ್ಕ. ಇವರಲ್ಲಿ ಹೆಚ್ಚಿನವರು ಬಿಡಿಎಸ್ (ದಂತವೈದ್ಯಕೀಯ), ಬಿಎಎಂಎಸ್ (ಆಯುರ್ವೇದ) ಇಂತಹ ಕೋರ್ಸಿಗೆ ಸೇರಿ, ಕೆಲವು ತಿಂಗಳ ನಂತರ ಮತ್ತೆ ನೀಟ್ ಬರೆಯಲು ನಿರ್ಧರಿಸಿದವರು. ಪ್ರವೇಶದ ದಿನ ಸಹಿ ಹಾಕಿದ ಮುಚ್ಚಳಿಕೆಯಲ್ಲಿ, ನಡುವೆ ಬಿಟ್ಟರೆ ಉಳಿದ ವರ್ಷಗಳ ಶುಲ್ಕ ಕಟ್ಟಬೇಕೆಂಬ ಷರತ್ತು ಇರಬಹುದು. ಆದ್ದರಿಂದ ಬಿಡುವ ಅರ್ಜಿ ಕೊಡುವುದಕ್ಕೂ ಮೊದಲು ಆ ಮುಚ್ಚಳಿಕೆಯ ನಕಲನ್ನು ಪಡೆದು ಓದಿ. ರದ್ದತಿಗೆ ಕೆಇಎ ಕೊಟ್ಟ ಕೊನೆಯ ದಿನ ಇನ್ನೂ ಮುಗಿದಿಲ್ಲವಾದರೆ, ಕಾಲೇಜಿಗೆ ಹೇಳುವುದಷ್ಟೇ ಸಾಲದು, ಕೆಇಎಯಲ್ಲೂ ಸೀಟು ರದ್ದಾಗಬೇಕು.

ಪ್ರಾಂಶುಪಾಲರಿಗೆ ಕೊಡುವ ಪತ್ರ ಚಿಕ್ಕದಾಗಿರಲಿ, ಕಥೆ ಬೇಡ. ಹೀಗೆ ಬರೆದರೆ ಸಾಕು:

"ಮಾನ್ಯರೇ, ನಾನು ಈ ಶೈಕ್ಷಣಿಕ ವರ್ಷದಲ್ಲಿ ಕೆಇಎ ಮೂಲಕ ತಮ್ಮ ಕಾಲೇಜಿನ ಮೊದಲ ವರ್ಷದ ತರಗತಿಗೆ ಪ್ರವೇಶ ಪಡೆದಿದ್ದೇನೆ. ನನ್ನ ಪ್ರವೇಶ ಸಂಖ್ಯೆ ಮತ್ತು ನೀಟ್ ರೋಲ್ ನಂಬರ್ ಕೆಳಗೆ ಇವೆ. ಕೌಟುಂಬಿಕ ಕಾರಣದಿಂದ ವ್ಯಾಸಂಗ ಮುಂದುವರಿಸಲು ಸಾಧ್ಯವಾಗದ ಕಾರಣ ಸ್ವಇಚ್ಛೆಯಿಂದ ನನ್ನ ಪ್ರವೇಶವನ್ನು ರದ್ದುಪಡಿಸಿಕೊಳ್ಳುತ್ತಿದ್ದೇನೆ. ದಯವಿಟ್ಟು ನನ್ನ ಪ್ರವೇಶ ರದ್ದತಿ ಆದೇಶ, ವರ್ಗಾವಣೆ ಪತ್ರ, ಬಾಕಿ ಇಲ್ಲದ ಪತ್ರ ಹಾಗೂ ಕೆಳಗೆ ಪಟ್ಟಿ ಮಾಡಿದ ಮೂಲ ದಾಖಲೆಗಳನ್ನು ಹಿಂತಿರುಗಿಸಬೇಕಾಗಿ, ನಿಯಮಾನುಸಾರ ಮರುಪಾವತಿಸಬೇಕಾದ ಶುಲ್ಕವನ್ನು ನಮೂದಿಸಿದ ಬ್ಯಾಂಕ್ ಖಾತೆಗೆ ಜಮಾ ಮಾಡಬೇಕಾಗಿ ವಿನಂತಿ."

ಕೆಳಗೆ ವಿದ್ಯಾರ್ಥಿಯ ಸಹಿಯ ಜೊತೆ ತಂದೆಯದೋ ತಾಯಿಯದೋ ಸಹಿಯೂ ಇರಲಿ. ಎರಡು ಪ್ರತಿ ಒಯ್ದು, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಕಚೇರಿಯ ಮೊಹರು, ದಿನಾಂಕ, ಸ್ವೀಕರಿಸಿದವರ ಸಹಿ ಹಾಕಿಸಿಕೊಳ್ಳಿ. ಗುಮಾಸ್ತರು "ಇಟ್ಟು ಹೋಗಿ, ಸಾಹೇಬರು ಬಂದ ಮೇಲೆ ನೋಡುತ್ತೇವೆ" ಎಂದರೆ ವಿನಯದಿಂದಲೇ ಮೊಹರಿಗೆ ಕಾಯಿರಿ. ಕೊಡದಿದ್ದರೆ ಅದೇ ಪತ್ರವನ್ನು ಅಂದೇ ಸ್ಪೀಡ್ ಪೋಸ್ಟ್‌ನಲ್ಲಿ, ತಲುಪಿದ್ದಕ್ಕೆ ಸ್ವೀಕೃತಿ ಸಿಗುವಂತೆ ಕಳಿಸಿ, ಇಮೇಲ್ ಕೂಡ ಮಾಡಿ. ನೀವು ಯಾವ ದಿನ ಬಿಟ್ಟಿರಿ ಎಂಬುದಕ್ಕೆ ಆಮೇಲೆ ಆಧಾರವಾಗಿ ಉಳಿಯುವುದು ಆ ಮೊಹರು ಅಥವಾ ಆ ಸ್ವೀಕೃತಿ.

ದಾಖಲೆಗಳು ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಒಂದೊಂದಾಗಿ ನೋಡಿಕೊಳ್ಳಿ: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ಪಿಯು ಕಾಲೇಜಿನ ವರ್ಗಾವಣೆ ಪತ್ರ, ವ್ಯಾಸಂಗ ಪ್ರಮಾಣಪತ್ರಗಳು, ಜಾತಿ ಮತ್ತು ಆದಾಯ ಪ್ರಮಾಣಪತ್ರ, ನೀಟ್ ಪ್ರವೇಶಪತ್ರ ಮತ್ತು ಅಂಕಪತ್ರ. ಪಿಯು ಕಾಲೇಜಿನ ವರ್ಗಾವಣೆ ಪತ್ರವನ್ನು ಕಾಲೇಜು ತನ್ನಲ್ಲೇ ಇಟ್ಟುಕೊಂಡು ತನ್ನ ಹೆಸರಿನಲ್ಲಿ ಹೊಸದನ್ನು ಕೊಡುವುದೇ ವಾಡಿಕೆ. ಮುಂದಿನ ವರ್ಷ ಪ್ರವೇಶಕ್ಕೆ ನಡೆಯುವುದು ಆ ಹೊಸ ಪತ್ರವೇ.

ಶೈಕ್ಷಣಿಕ ಸಾಲ ಪಡೆದಿದ್ದರೆ ಬ್ಯಾಂಕಿಗೂ, ಅರಿವು ಯೋಜನೆಯ ಸಾಲವಿದ್ದರೆ ಸಂಬಂಧಪಟ್ಟ ನಿಗಮಕ್ಕೂ, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದರೆ ಇಲಾಖೆಗೂ, ಹಾಸ್ಟೆಲ್ ಸೀಟಿದ್ದರೆ ವಾರ್ಡನ್‌ಗೂ ರದ್ದತಿ ಆದೇಶದ ನಕಲು ಕೊಡಿ. ಓದದ ಕೋರ್ಸಿನ ಹೆಸರಿನಲ್ಲಿ ಜಮಾ ಆದ ಹಣ ಮುಂದೆ ನಿಜವಾಗಿ ಓದುವ ಕೋರ್ಸಿನ ಸಾಲಕ್ಕೋ ವಿದ್ಯಾರ್ಥಿವೇತನಕ್ಕೋ ತೊಡಕಾಗಬಹುದು.

ನಾಲ್ಕನೆಯ ಹೆಜ್ಜೆ: ನಡುವಿನ ವರ್ಷವನ್ನು ಎಲ್ಲಿ ಕಳೆಯುವುದು

ಇಲ್ಲಿ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಸರ್ಕಾರಿ ಕೋಟಾದ ಎಂಬಿಬಿಎಸ್ ಸೀಟು ಸಿಕ್ಕಿದ್ದು, ಅದು ಊರಿನಿಂದ ದೂರವಿದೆ ಎಂಬ ಒಂದೇ ಕಾರಣಕ್ಕೆ ಬಿಡುವುದು ಸರಿಯಲ್ಲ. ಕಾರವಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಕ್ರಿಮ್ಸ್, 2013ರಲ್ಲಿ ಆರಂಭವಾಯಿತು. 150 ಸೀಟುಗಳ ಆ ಕಾಲೇಜಿಗೆ ಇಡೀ ರಾಜ್ಯದವರು ಸ್ಪರ್ಧಿಸುತ್ತಾರೆ. ಜಿಲ್ಲೆಯವರೆಂದು ಪ್ರತ್ಯೇಕ ಪಾಲೇನೂ ಇಲ್ಲ. ಹುಬ್ಬಳ್ಳಿ, ಶಿವಮೊಗ್ಗ, ಬೆಳಗಾವಿಯ ಸರ್ಕಾರಿ ಕಾಲೇಜುಗಳೂ ನಮಗೆ ದೂರವಲ್ಲ. ಕಾರವಾರದವರಿಗೆ ಚಿಕಿತ್ಸೆಗೆ ಹತ್ತಿರವಾಗಿರುವ ಗೋವಾ ವೈದ್ಯಕೀಯ ಕಾಲೇಜಿನಲ್ಲಿ ಮಾತ್ರ, ಗೋವಾದ ನಿವಾಸಿ ಅಲ್ಲದವರಿಗೆ ಅಖಿಲ ಭಾರತ ಕೋಟಾ ಬಿಟ್ಟರೆ ಬೇರೆ ದಾರಿಯಿಲ್ಲ ಎಂಬುದು ತಿಳಿದಿರಲಿ. ಮತ್ತು ಒಂದು ಕಾಲೇಜನ್ನು ಬಿಟ್ಟು ನೀಟ್ ಮೂಲಕ ಇನ್ನೊಂದಕ್ಕೆ ಹೋದರೆ ಮೊದಲ ವರ್ಷದಿಂದಲೇ ಓದಬೇಕು. ಅಲ್ಲಿ ಓದಿದ ತಿಂಗಳುಗಳು ಲೆಕ್ಕಕ್ಕೆ ಬರುವುದಿಲ್ಲ. ಶುಲ್ಕ, ಆರೋಗ್ಯ, ಮನೆಯ ತುರ್ತು ಇವು ಬಿಡಲು ತಕ್ಕ ಕಾರಣಗಳು. ದೂರ ಎಂಬುದು ಅಲ್ಲ.

ಬಿಡುವುದೆಂದು ನಿಶ್ಚಯವಾದ ಮೇಲೆ, ಮನೆಯಲ್ಲೇ ಓದುವುದೋ, ಕೋಚಿಂಗ್‌ಗೆ ಹೋಗುವುದೋ, ಶಿರಸಿಯ ಎಂ.ಎಂ. ಕಾಲೇಜಿನಲ್ಲೋ ಕುಮಟಾದ ಬಾಳಿಗಾ ಕಾಲೇಜಿನಲ್ಲೋ ಬಿಎಸ್ಸಿಗೆ ಸೇರಿ ಜೊತೆಜೊತೆಗೆ ಓದುವುದೋ ಎಂಬ ಪ್ರಶ್ನೆ ಬರುತ್ತದೆ. ಬಿಎಸ್ಸಿಗೆ ಸೇರುವುದು ತಪ್ಪಲ್ಲ, ಕೆಲವು ಮಕ್ಕಳಿಗೆ ಅದರಿಂದ ಓದಿಗೊಂದು ಶಿಸ್ತು ಬರುತ್ತದೆ. ಆದರೆ ಸೇರಿದ ಕೂಡಲೇ ನಿಮ್ಮ ಮೂಲ ದಾಖಲೆಗಳು ಮತ್ತೆ ಒಂದು ಕಾಲೇಜಿನ ಕಪಾಟು ಸೇರುತ್ತವೆ, ಮತ್ತು ಮುಂದಿನ ಜುಲೈನಲ್ಲಿ ಅವನ್ನು ಬಿಡಿಸಿಕೊಳ್ಳಲು ಮತ್ತೊಮ್ಮೆ ಅರ್ಜಿ, ಬಾಕಿ ಇಲ್ಲದ ಪತ್ರ, ಸಹಿಗಳ ಓಡಾಟ ಇರುತ್ತದೆ. ಸೇರುವಾಗಲೇ ಪ್ರಾಂಶುಪಾಲರಿಗೆ ನಿಮ್ಮ ಉದ್ದೇಶ ತಿಳಿಸಿದರೆ ಇದು ಸಲೀಸಾಗುತ್ತದೆ. ಇನ್ನು ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲಿ ಒಟ್ಟಾಗಿ ಸಾಮಾನ್ಯ ವರ್ಗಕ್ಕೆ ಶೇ. 50, ಮೀಸಲಾತಿ ವರ್ಗಕ್ಕೆ ಶೇ. 40 ಬಾರದೆ ಅನರ್ಹರಾಗಿ ಹೊರಬಂದವರು ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು. 2024ರಿಂದ ರಾಜ್ಯದಲ್ಲಿ ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ.

ಓದಿನ ಗುರಿ ಇಟ್ಟುಕೊಳ್ಳುವಾಗ ಹಿಂದಿನ ವರ್ಷದ ಅಂಕವನ್ನಲ್ಲ, ರ‍್ಯಾಂಕನ್ನು ನೋಡಿ. 720 ಅಂಕಗಳ ಈ ಪರೀಕ್ಷೆಯಲ್ಲಿ 2024ರಲ್ಲಿ ಪೂರ್ಣ ಅಂಕ ಪಡೆದವರೇ ಹಲವರಿದ್ದರೆ, 2025ರಲ್ಲಿ ದೇಶಕ್ಕೆ ಮೊದಲಿಗರ ಅಂಕ 686 ಆಗಿತ್ತು. ಸಾಮಾನ್ಯ ವರ್ಗದ ಅರ್ಹತಾ ಅಂಕ 2024ರಲ್ಲಿ 162 ಇದ್ದದ್ದು 2025ರಲ್ಲಿ 144ಕ್ಕೆ ಇಳಿಯಿತು. "ಹೋದ ಸಲ ಇಷ್ಟು ಅಂಕಕ್ಕೆ ಕ್ರಿಮ್ಸ್ ಸಿಕ್ಕಿತ್ತು" ಎಂಬ ಲೆಕ್ಕ ಹೀಗಾಗಿ ಕೈಕೊಡುತ್ತದೆ. ನಿಮ್ಮ ವರ್ಗದಲ್ಲಿ ಆ ಕಾಲೇಜಿನ ಕೊನೆಯ ಸೀಟು ಯಾವ ರ‍್ಯಾಂಕಿಗೆ ಹೋಯಿತು ಎಂಬುದನ್ನು ಕೆಇಎ ಪ್ರಕಟಿಸುವ ಕಟ್‌ಆಫ್ ಪಟ್ಟಿಯಲ್ಲಿ ಹುಡುಕಿ, ಅದನ್ನೇ ಗುರಿಯಾಗಿಟ್ಟುಕೊಳ್ಳಿ.

ಐದನೆಯ ಹೆಜ್ಜೆ: ಮತ್ತೆ ಅರ್ಜಿ ಹಾಕುವುದು

ನೀಟ್ ಅಂಕ ಆ ವರ್ಷದ ಪ್ರವೇಶಕ್ಕೆ ಮಾತ್ರ ನಡೆಯುತ್ತದೆ. ಹಳೆಯದನ್ನು ಇಟ್ಟುಕೊಂಡು ಮುಂದಿನ ವರ್ಷ ಸೀಟು ಕೇಳುವಂತಿಲ್ಲ. ಮತ್ತೆ ಅರ್ಜಿ ಎಂದರೆ ಎಲ್ಲವೂ ಹೊಸತು: ನೀಟ್ ಅರ್ಜಿ, ಕೆಇಎ ನೋಂದಣಿ, ದಾಖಲೆ ಪರಿಶೀಲನೆ, ಎಂಸಿಸಿ ನೋಂದಣಿ. ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್‌ನಲ್ಲಿ ನೀಟ್ ಅರ್ಜಿ ಕರೆಯುತ್ತಾರೆ, ಮೇ ತಿಂಗಳ ಮೊದಲ ಭಾನುವಾರದ ಆಸುಪಾಸಿನಲ್ಲಿ ಪರೀಕ್ಷೆ ಇರುತ್ತದೆ. 2025ರಲ್ಲಿ ಅರ್ಜಿ ಶುಲ್ಕ ಸಾಮಾನ್ಯ ವರ್ಗಕ್ಕೆ 1,700, ಒಬಿಸಿ ಮತ್ತು ಇಡಬ್ಲ್ಯುಎಸ್‌ಗೆ (ಆರ್ಥಿಕವಾಗಿ ಹಿಂದುಳಿದವರಿಗೆ) 1,600, ಪರಿಶಿಷ್ಟರಿಗೆ ಹಾಗೂ ಅಂಗವಿಕಲರಿಗೆ 1,000 ರೂಪಾಯಿ ಇತ್ತು.

ಅರ್ಜಿಯಲ್ಲಿ ಹೆಚ್ಚಿನ ತೊಂದರೆ ಬರುವುದು ಹೆಸರಿನಿಂದ. ನಮ್ಮಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರನ್ನೂ ಬರೆಯುವ ರೂಢಿಯಿದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಮೂರೂ ಇದ್ದು, ಆಧಾರ್‌ನಲ್ಲಿ ತಂದೆಯ ಹೆಸರಿನ ಮೊದಲಕ್ಷರ ಮಾತ್ರ ಇರುವುದು. ನಾಯ್ಕ ಎಂಬ ಅಡ್ಡಹೆಸರನ್ನು ಇಂಗ್ಲಿಷಿನಲ್ಲಿ ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಮತ್ತೊಂದು ಥರ ಬರೆದಿರುವುದು. ಹೆಗಡೆಯ ನಡುವೆ ಒಂದು ಅಕ್ಷರ ಹೆಚ್ಚೋ ಕಡಿಮೆಯೋ ಆಗಿರುವುದು ಇವೆಲ್ಲ ಮನೆಮನೆಯಲ್ಲಿ ಕಾಣುವ ಸಂಗತಿ. ಹಿಂದಿನ ಸಲ ಹೇಗೋ ದಾಟಿಹೋಗಿದ್ದರೂ ಈ ಸಲ ದಾಟುತ್ತದೆಂಬ ಭರವಸೆಯಿಲ್ಲ. ಅರ್ಜಿ ಕರೆಯುವ ಮೊದಲೇ, ಡಿಸೆಂಬರ್ ಜನವರಿಯೊಳಗೆ, ಎಸ್‌ಎಸ್‌ಎಲ್‌ಸಿಯಲ್ಲಿ ಇರುವಂತೆಯೇ ಆಧಾರ್ ತಿದ್ದಿಸಿಕೊಳ್ಳಿ.

ಪ್ರಶ್ನೆಪತ್ರಿಕೆಯ ಭಾಷೆ ಮತ್ತು ಪರೀಕ್ಷಾ ನಗರವನ್ನು ಒಟ್ಟಿಗೆ ಯೋಚಿಸಿ. ಕನ್ನಡದಲ್ಲಿ ನೀಟ್ ಬರೆಯಲು 2017ರಿಂದ ಅವಕಾಶವಿದೆ, ಆದರೆ ಕನ್ನಡ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಕಾರವಾರ, ಸದಾಶಿವಗಡದ ಕಡೆಯವರು ಹತ್ತಿರವೆಂದು ಗೋವಾದ ನಗರವನ್ನು ಆರಿಸಿದರೆ ಕನ್ನಡ ಪತ್ರಿಕೆ ದೊರೆಯುವುದಿಲ್ಲ.

ಪ್ರಮಾಣಪತ್ರಗಳ ವಿಷಯದಲ್ಲಿ, ಹಿಂದಿನ ವರ್ಷದ್ದು ಇದೆಯಲ್ಲ ಎಂಬ ನೆಮ್ಮದಿ ಬೇಡ. ರಾಜ್ಯದ ಮೀಸಲಾತಿಗೆ ಪರಿಶಿಷ್ಟರು ನಮೂನೆ ಡಿ, ಪ್ರವರ್ಗ-1ರವರು ನಮೂನೆ ಇ, 2ಎ, 2ಬಿ, 3ಎ, 3ಬಿಯವರು ನಮೂನೆ ಎಫ್‌ನಲ್ಲಿ ನಾಡಕಚೇರಿಯ ಮೂಲಕ ಪಡೆದ ತಹಶೀಲ್ದಾರರ ಪ್ರಮಾಣಪತ್ರ ಕೊಡಬೇಕು. ಅದರ ಮೇಲಿರುವ ಆರ್‌ಡಿ ಸಂಖ್ಯೆಯೂ ಅವಧಿಯೂ ಸರಿಯಿವೆಯೇ ನೋಡಿಕೊಳ್ಳಿ. ಎಂಸಿಸಿಗೆ ಬೇಕಾದ ಕೇಂದ್ರದ ಒಬಿಸಿ ಪ್ರಮಾಣಪತ್ರ ಬೇರೆಯೇ, ಅದರ ಜಾತಿಪಟ್ಟಿಯೂ ಬೇರೆ. ರಾಜ್ಯದಲ್ಲಿ 3ಬಿ ಇದ್ದ ಮಾತ್ರಕ್ಕೆ ಕೇಂದ್ರದಲ್ಲಿ ಒಬಿಸಿ ಎಂದುಕೊಳ್ಳಬೇಡಿ. ಒಬಿಸಿ ಕೆನೆಪದರ ರಹಿತ ಹಾಗೂ ಇಡಬ್ಲ್ಯುಎಸ್ ಪ್ರಮಾಣಪತ್ರಗಳು ಆ ಹಣಕಾಸು ವರ್ಷದವಾಗಿರಬೇಕಾದ್ದರಿಂದ ಏಪ್ರಿಲ್ 1ರ ನಂತರ ಹೊಸದಾಗಿ ಮಾಡಿಸಬೇಕು. ಚುನಾವಣೆಯೋ ನೆರೆಯೋ ಬಂದರೆ ತಾಲೂಕು ಕಚೇರಿಯ ಕೆಲಸ ನಿಧಾನವಾಗುತ್ತದೆ, ಏಪ್ರಿಲ್‌ನಲ್ಲೇ ಅರ್ಜಿ ಕೊಡಿ.

ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ ನಮ್ಮ ಜಿಲ್ಲೆಯ ಮಕ್ಕಳಿಗೆ ನಿಜವಾದ ಆಸರೆ, ಹಿಂದಿನ ಸಲ ಅದನ್ನು ಕೇಳದೆ ಬಿಟ್ಟವರೂ ಇದ್ದಾರೆ. ಒಂದರಿಂದ ಹತ್ತನೆಯ ತರಗತಿವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರು ಗ್ರಾಮೀಣ ಮೀಸಲಾತಿಯನ್ನೂ, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರು ಕನ್ನಡ ಮಾಧ್ಯಮದ ಮೀಸಲಾತಿಯನ್ನೂ ಕೇಳಬಹುದು. ಇದಕ್ಕೆ ಪ್ರತಿ ಶಾಲೆಯ ಮುಖ್ಯಾಧ್ಯಾಪಕರ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು. ಉದಾಹರಣೆಗೆ, ಒಬ್ಬ ಹುಡುಗಿ ಐದರವರೆಗೆ ಸಿದ್ದಾಪುರ ತಾಲೂಕಿನ ಹಳ್ಳಿಯಲ್ಲಿ, ಹತ್ತರವರೆಗೆ ಕುಮಟಾ ತಾಲೂಕಿನ ಹಳ್ಳಿಯಲ್ಲಿ ಓದಿದ್ದಾಳೆ ಎಂದುಕೊಳ್ಳೋಣ. ಅವಳಿಗೆ ಎರಡು ತಾಲೂಕುಗಳ ಬಿಇಒ ಕಚೇರಿಗಳ ಸಹಿ ಬೇಕು, ಒಂದು ಘಟ್ಟದ ಮೇಲೆ, ಇನ್ನೊಂದು ಕೆಳಗೆ. ಒಂದು ಶಿರಸಿ ಶೈಕ್ಷಣಿಕ ಜಿಲ್ಲೆಯದು, ಇನ್ನೊಂದು ಕಾರವಾರದ್ದು. ಮಕ್ಕಳಿಲ್ಲದೆ ಮುಚ್ಚಿದ ಶಾಲೆಯಾಗಿದ್ದರೆ ಅದರ ದಾಖಲೆ ಎಲ್ಲಿ ಸೇರಿದೆ ಎಂದು ಬಿಇಒ ಕಚೇರಿಯಲ್ಲೇ ವಿಚಾರಿಸಬೇಕು. ಬೇಸಿಗೆ ರಜೆಗೆ ಶಾಲೆ ಮುಚ್ಚುವ ಮೊದಲೇ ಈ ಓಡಾಟ ಮುಗಿಸಿ.

ಕೆಇಎಯಲ್ಲಿ ಹೊಸದಾಗಿ ನೋಂದಾಯಿಸುವಾಗ, ಹಿಂದೆ ಸೀಟು ಪಡೆದು ರದ್ದು ಮಾಡಿದ್ದೀರಾ ಎಂಬಂತಹ ಪ್ರಶ್ನೆ ಇದ್ದರೆ ಇದ್ದದ್ದನ್ನೇ ಬರೆಯಿರಿ, ರದ್ದತಿ ಆದೇಶದ ನಕಲನ್ನು ಫೈಲಿನಲ್ಲಿ ಮೇಲೆಯೇ ಇಡಿ. ಮುಚ್ಚಿಡುವುದರಿಂದ ಲಾಭವಿಲ್ಲ, ಹಳೆಯ ಪ್ರವೇಶದ ದಾಖಲೆ ಹೇಗೂ ಉಳಿದಿರುತ್ತದೆ, ಮತ್ತು ನಿಯಮದಂತೆ ಬಿಟ್ಟವರಿಗೆ ಅದು ಅಡ್ಡಿಯೂ ಅಲ್ಲ. ಪಿಯುಸಿ ಮುಗಿಸಿದ ವರ್ಷಕ್ಕೂ ಪ್ರವೇಶದ ವರ್ಷಕ್ಕೂ ನಡುವಿನ ಅಂತರಕ್ಕೆ ಕೆಲವು ಕಾಲೇಜುಗಳು ಪ್ರವೇಶದ ದಿನ ವಿವರಣೆ ಕೇಳುತ್ತವೆ. ಆ ಅವಧಿಯಲ್ಲಿ ಎಲ್ಲಿದ್ದೆ, ಏನು ಓದುತ್ತಿದ್ದೆ, ಬೇರೆ ಯಾವ ಕೋರ್ಸಿನಲ್ಲೂ ಈಗ ಪ್ರವೇಶ ಉಳಿಸಿಕೊಂಡಿಲ್ಲ ಎಂದು ಛಾಪಾ ಕಾಗದದ ಮೇಲೆ ಬರೆಸಿ, ನೋಟರಿಯವರ ಸಹಿ ಮಾಡಿಸಿದ ಅಫಿಡವಿಟ್ ಒಂದನ್ನು ಊರಿನಲ್ಲೇ ಸಿದ್ಧಮಾಡಿಕೊಂಡು ಹೋಗಿ. ನಡುವಿನ ವರ್ಷ ಬಿಎಸ್ಸಿಗೆ ಸೇರಿದ್ದರೆ ಅದರ ಜೊತೆ ಆ ಕಾಲೇಜಿನಿಂದ ಪಡೆದ ವರ್ಗಾವಣೆ ಪತ್ರವೂ ಮೂಲದಲ್ಲೇ ಇರಬೇಕು, ನಕಲು ನಡೆಯುವುದಿಲ್ಲ.